ಒರೆಸದೆ ಬಿಟ್ಟ ಸಾಲು

ಹುಳದಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಕರೆದರೂ, ಇನ್ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವಳು ತಿರುಗಿ ನೋಡುವುದಿಲ್ಲವೇನೋ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಸಸಿ ತೋಟದ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆಗಳು ಇವು. ಒಂದು ಮನೆಯವರು ಸೀನಿದರೆ ಪಕ್ಕದ ಮನೆಯವರು ಮೂಗು ಒರೆಸಿಕೊಳ್ಳಬೇಕು, ಅಷ್ಟು ತೆಳು ಗೋಡೆ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕಂಡದ್ದು, ಅರ್ಧ ಕೇಳಿಸಿಕೊಂಡದ್ದು.

ಅವಳ ಕೆಲಸ ಹುಳ ಸಾಕುವುದು. ಕೇಳಿದವರು ಮೊದಲು ನಗುತ್ತಾರೆ. ಹಸು ಸಾಕುತ್ತಾರೆ, ಕೋಳಿ ಸಾಕುತ್ತಾರೆ, ಹುಳ ಸಾಕುತ್ತಾರೆಯೇ? ಅದೂ ರೇಷ್ಮೆ ಕೊಡುವ ಹುಳವಲ್ಲ, ಜೇನು ಕೊಡುವ ಹುಳವಲ್ಲ. ಕಪ್ಪು ಬೆನ್ನು, ಕಿತ್ತಳೆ ಬಣ್ಣದ ತಲೆ, ಮೆಣಸಿನ ಕಾಳಿನಷ್ಟು ಗಾತ್ರ. ತೋಟದಲ್ಲಿ ಇದಕ್ಕೆ ಗುಲಗಂಜಿ ಹುಳ ಎನ್ನುತ್ತಾರೆ. ನಿಂಬೆ ಸಸಿಯ ಎಲೆ ಸಂದಿಯಲ್ಲಿ ಹತ್ತಿ ಕಿತ್ತು ಮೆತ್ತಿದ ಹಾಗೆ ಕೂತು ರಸ ಹೀರುತ್ತದಲ್ಲ, ಹಿಟ್ಟು ತಿಗಣೆ, ಅದೇ ಗುಲಗಂಜಿಯ ಊಟ. ಸಸಿಯ ಮೇಲೆ ಈ ಹುಳ ಬಿಟ್ಟರೆ ಅದು ತಿಗಣೆಯನ್ನು ತಿಂದು, ಆ ಬಿಳಿ ಹತ್ತಿಯೊಳಗೇ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಬಂದ ಮರಿ ತಾಯಿಗಿಂತ ಹೆಚ್ಚು ತಿನ್ನುತ್ತದೆ. ಔಷಧಿ ಹೊಡೆಯುವ ಗೊಡವೆಯೇ ಇಲ್ಲ.

ಆದರೆ ತಿಗಣೆ ಇಲ್ಲದೆ ಗುಲಗಂಜಿ ಬದುಕುವುದಿಲ್ಲ. ಆದ್ದರಿಂದ ಹುಳದಕ್ಕ ಮೊದಲು ಶತ್ರುವನ್ನು ಸಾಕಬೇಕು. ಸಿಹಿಗುಂಬಳ ತರಿಸುತ್ತಾಳೆ, ತೊಳೆಯುತ್ತಾಳೆ, ಗೀರು ಬಿದ್ದ ಕಡೆ ಮೇಣ ಮೆತ್ತುತ್ತಾಳೆ, ಕತ್ತಲೆ ಕೋಣೆಯ ಹಲಗೆಗಳ ಮೇಲೆ ಜೋಡಿಸಿ ತಿಗಣೆ ಹತ್ತಿಸುತ್ತಾಳೆ. ಕಾಯಿ ಬೆಳ್ಳಗೆ ಬೂದಿ ಬಳಿದುಕೊಂಡ ಹಾಗಾದ ಮೇಲೆ ಬಲೆಯ ಪೆಟ್ಟಿಗೆಯೊಳಗಿಟ್ಟು ಗುಲಗಂಜಿ ಬಿಡುತ್ತಾಳೆ. ಆ ಕೋಣೆಗೆ ಕುಂಬಳಕಾಯಿ ಕೋಣೆ ಎಂದೇ ಹೆಸರು.

ಮರಿ ಮಾತ್ರ ವೇಷ ಹಾಕಿದ ಮೋಸಗಾರ. ಮೈತುಂಬ ಬಿಳಿ ಮೇಣದ ಎಳೆ ಬಿಟ್ಟುಕೊಂಡು ಥೇಟು ತಿಗಣೆಯ ಹಾಗೇ ಕಾಣುತ್ತದೆ. ಹೊಸಬರು ಬಂದವರೇ ಅದನ್ನು ತಿಗಣೆ ಎಂದುಕೊಂಡು ಹೊಸಕಿ ಹಾಕುತ್ತಾರೆ. ಹುಳದಕ್ಕ ಅವರಿಗೆ ಹೇಳುವುದು ಒಂದೇ ಪಾಠ.

"ತಿಗಣೆ ಕೂತ ಜಾಗದಲ್ಲೇ ಕೂತಿರುತ್ತೆ, ಮರಿ ಓಡಾಡುತ್ತೆ. ಕೈ ಹಾಕೋ ಮುಂಚೆ ಒಂದು ಉಸಿರು ಕಾದು ನೋಡ್ರಪ್ಪಾ, ನಿಮ್ಮ ಗಂಟೇನೂ ಹೋಗಲ್ಲ."

ಇನ್ನೊಂದು ಸಂಕಟ ಶಾಖದ್ದು. ಈ ಹುಳಕ್ಕೆ ಇಪ್ಪತ್ತೈದು ಇಪ್ಪತ್ತಾರು ಡಿಗ್ರಿ ಇದ್ದರೆ ಸುಖ. ಅದಕ್ಕಿಂತ ತಣ್ಣಗಾದರೆ ತಿನ್ನುವುದು, ಇಡುವುದು, ಒಡೆಯುವುದು ಎಲ್ಲ ನಿಧಾನ. ಹೆಚ್ಚು ಬಿಸಿಯಾದರೆ ಪೆಟ್ಟಿಗೆಯ ಮೂಲೆ ಮೂಲೆಗೆ ಓಡಿ, ಕಾಲು ಮೇಲೆ ಮಾಡಿ ಬೀಳುತ್ತದೆ. ಅದಕ್ಕೇ ಕುಂಬಳಕಾಯಿ ಕೋಣೆಗೆ ಗಾಳಿ ತಣ್ಣಗೆ ಮಾಡುವ ಯಂತ್ರ ಹಾಕಿಸಿದ್ದರು, ಗೋಡೆಗೆ ಥರ್ಮಾಮೀಟರ್ ನೇತು ಹಾಕಿದ್ದರು. ದಿನವೆಲ್ಲ ಅದನ್ನೇ ನೋಡಿ ನೋಡಿ ಅವಳಿಗೆ ಮನೆಯಲ್ಲೂ ಅದೇ ಚಟ. ಕಿಟಕಿ ತೆರೆಯುವುದು, ಅರ್ಧ ಮುಚ್ಚುವುದು, ಮತ್ತೆ ತೆರೆಯುವುದು.

"ಲೇ, ನಾನು ಹುಳ ಅಲ್ಲ, ನಿನ್ನ ಗಂಡ ಕಣೇ" ಎಂದು ಅವಳ ಗಂಡ ಕಂಬಳಿಯೊಳಗಿಂದ ಕೂಗುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. "ಚಳಿ ಆಗ್ತಿದೆ, ಮುಚ್ಚು."

"ಹುಳ ಆಗಿದ್ರೆ ಎಷ್ಟೋ ವಾಸಿ ಇತ್ತು. ಇಷ್ಟು ಮಾತಾಡ್ತಿರಲಿಲ್ಲ" ಎನ್ನುತ್ತ ಮುಚ್ಚುತ್ತಿದ್ದಳು.

ಅವನಿಗೆ ಯಾವಾಗಲೂ ಚಳಿ. ಕೈ ನಡುಗುತ್ತದೆ. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲಾರ. ಲೋಟದಲ್ಲಿ ಚಹಾ ಅರ್ಧದಷ್ಟೇ ಕೊಡಬೇಕು, ಇಲ್ಲದಿದ್ದರೆ ತುಳುಕಿ ಎದೆಯ ಮೇಲೆ ಬೀಳುತ್ತದೆ.

ಅವನು ಇದೇ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದವನು. ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಗಾಜಿನ ಮನೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಸಾಲಿನಿಂದ ಸಾಲಿಗೆ ಹೊಡೆಯುತ್ತಾ ಹೋಗಬೇಕು. ಮುಖಕ್ಕೆ ಕಟ್ಟಲು ರಬ್ಬರಿನ ಮಾಸ್ಕು ಕೊಟ್ಟಿದ್ದರು, ಕೊಡಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಬಿಸಿಲೇರಿದ ಮೇಲೆ ಗಾಜಿನ ಮನೆಯೊಳಗೆ ಮಾಸ್ಕು ಕಟ್ಟಿಕೊಂಡು ನಿಂತು ನೋಡಬೇಕು. ಬೆವರು ಕಣ್ಣಿಗಿಳಿಯುತ್ತದೆ, ಬಿಟ್ಟ ಉಸಿರೇ ಮುಖವನ್ನು ಬೇಯಿಸುತ್ತದೆ. ಈ ಒಂದು ಸಾಲು ಮಾತ್ರ ಎಂದು ಅವನು ಮಾಸ್ಕನ್ನು ಕುತ್ತಿಗೆಗಿಳಿಸುತ್ತಿದ್ದ. ಹಾಗೆ ಇಳಿಸಿದ್ದು ವರ್ಷಗಟ್ಟಲೆ ಕುತ್ತಿಗೆಯಲ್ಲೇ ಉಳಿಯಿತು. ಒಂದು ದಿನ ಟ್ಯಾಂಕು ಬೆನ್ನಲ್ಲಿದ್ದ ಹಾಗೇ ಸಸಿಗಳ ನಡುವೆ ಬಿದ್ದ. ಬಾಯಲ್ಲಿ ನೊರೆ. ಬದುಕಿದ, ಆದರೆ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅರ್ಧ ಮನುಷ್ಯ.

ತೋಟದವರು ಹೆದರಿ ಟ್ಯಾಂಕನ್ನು ಸ್ಟೋರಿಗೆ ಹಾಕಿ ಬೀಗ ಜಡಿದರು. ಕುಂಬಳಕಾಯಿ ಕೋಣೆ ಶುರುವಾದದ್ದು ಆಮೇಲೆ. ಹುಳ ಸಾಕುವುದನ್ನು ಕಲಿಸಲು ಒಬ್ಬ ಮೇಡಂ ಬಂದು ಕೆಲವು ತಿಂಗಳು ಇದ್ದು ಹೋದರು. ಅವರು ಕಲಿಸಿದ್ದು ಇವಳಿಗೆ. ಆ ಕಾಲದಲ್ಲಿ ಒಂದು ಸಂಜೆ ಬಟ್ಟೆ ಒಣಹಾಕುತ್ತಾ ನನಗೆ ಹೇಳಿದ ಮಾತು ಹೀಗಿತ್ತು: "ದೊಡ್ಡಮ್ಮಾ, ಈ ಹುಳ ಇರೋತನಕ ನಮ್ಮನೇಲಿ ಇನ್ಯಾರ ಬೆನ್ನಿಗೂ ಆ ಟ್ಯಾಂಕು ಹತ್ತಲ್ಲ. ಅಷ್ಟು ಸಾಕು ನನಗೆ, ಬೇರೆ ಏನೂ ಕೇಳಲ್ಲ."

ಹುಳದಕ್ಕನ ಮಗಳು ದೊಡ್ಡವಳಾಗಿ ಅದೇ ತೋಟದಲ್ಲಿ ಕಸಿ ಕಟ್ಟುವ ಕೆಲಸಕ್ಕೆ ಸೇರಿದಳು. ಅಲ್ಲೇ ಪೈಪು, ಪಂಪು, ಮಣ್ಣಿನ ಚೀಲ ನೋಡಿಕೊಳ್ಳುತ್ತಿದ್ದ ಒಬ್ಬನನ್ನು ಮೆಚ್ಚಿ ಮದುವೆಯಾದಳು. ಅವನು ಮನೆ ಅಳಿಯನಾಗಿ ಬಂದ. ಬಹಳ ಒಳ್ಳೆಯವನು, ನಗಿಸುವವನು, ಒಂದೇ ಕೊರತೆ ಎಂದರೆ ಯಾವ ಕೆಲಸ ಹೇಳಿದರೂ "ಆಮೇಲೆ ಮಾಡ್ತೀನಿ" ಎನ್ನುತ್ತಿದ್ದ. ಮಾವ ಅವನಿಗೆ ಆಮೇಲಪ್ಪ ಎಂದು ಹೆಸರಿಟ್ಟ. ಬಂದ ವಾರದಲ್ಲೇ ಸಾಲುಮನೆಯವರೆಲ್ಲ ಆ ಹೆಸರನ್ನೇ ಹಿಡಿದರು.

"ಏನಪ್ಪಾ ಆಮೇಲಪ್ಪಾ, ನಲ್ಲಿ ಸೋರ್ತಾನೇ ಇದೆಯಲ್ಲಾ?"

"ಸೋರಲಿ ಮಾವ. ನೀರಿದೆ ಅಂತ ಗೊತ್ತಾಗುತ್ತಲ್ಲಾ."

ಆ ವರ್ಷದ ಬೇಸಿಗೆಯಲ್ಲಿ ಸೆಕೆ ಬಂತು ನೋಡಿ, ಅಂಥ ಸೆಕೆಯನ್ನು ನಾನು ಈ ವಯಸ್ಸಿನವರೆಗೆ ಕಂಡಿರಲಿಲ್ಲ. ಬಾಗಿಲ ಕಬ್ಬಿಣದ ಚಿಲಕ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಅಂಥ ಹೊತ್ತಿನಲ್ಲೇ ಕುಂಬಳಕಾಯಿ ಕೋಣೆಯ ಯಂತ್ರ ಗೊರಗೊರ ಎಂದು ನಿಂತುಹೋಯಿತು. ರಿಪೇರಿಯವನು ಬಂದು ಬಿಚ್ಚಿ, ಒಳಗೆ ಇಣುಕಿ, ಮತ್ತೆ ಮುಚ್ಚಿದ.

"ಒಂದು ಸಾಮಾನು ಬರಬೇಕಮ್ಮ."

"ಎಲ್ಲಿಂದ ಬರಬೇಕು?"

"ಅದು ಬರೋ ಕಡೆಯಿಂದ."

"ಯಾವಾಗ ಬರುತ್ತೆ?"

"ಬಂದಾಗ ನಾನೂ ಬರ್ತೀನಿ" ಎಂದು ಹೇಳಿ ಹೋದವನ ಪತ್ತೆಯಿಲ್ಲ.

ಹುಳದಕ್ಕ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿದಳು. ಒಣಗಿದ ಹಾಗೆಲ್ಲ ನೀರು ಎರಚಿದಳು. ಮನೆಯ ಫ್ಯಾನು ಬಿಚ್ಚಿ ಹೊತ್ತೊಯ್ದಳು. ಥರ್ಮಾಮೀಟರಿನ ಕೆಂಪು ಗೆರೆ ಮಾತ್ರ ಮೂವತ್ತೆಂಟು ದಾಟಿ ಮೇಲೇ ನಿಂತಿತ್ತು. ಕುಂಬಳಕಾಯಿ ಕೊಳೆತು ಸೋರಿದವು, ಆ ನಾತ ಅವಳ ಸೀರೆಯಲ್ಲೇ ನಮ್ಮ ಓಣಿಗೆ ಬರುತ್ತಿತ್ತು. ಪೆಟ್ಟಿಗೆಯ ತಳದಲ್ಲಿ ಸತ್ತ ಗುಲಗಂಜಿ ಮೆಣಸಿನ ಕಾಳು ಚೆಲ್ಲಿದ ಹಾಗೆ ಬಿದ್ದಿರುತ್ತಿದ್ದವು. ಅವಳು ಅವನ್ನು ಗುಡಿಸುತ್ತಿರಲಿಲ್ಲ. ಒಂದೊಂದನ್ನೇ ಅಂಗೈ ಮೇಲಿಟ್ಟುಕೊಂಡು ಊದಿ, ಕಾಲು ಆಡಿಸುತ್ತದೆಯೇ ಎಂದು ನೋಡಿ ನೋಡಿ ಬದಿಗಿಡುತ್ತಿದ್ದಳು.

"ಅಮ್ಮ, ಊಟಕ್ಕೆ ಬಾ" ಎಂದು ಮಗಳು ಬಾಗಿಲಲ್ಲಿ ನಿಂತು ಕರೆದರೆ, "ಇದೊಂದು ಆಡ್ತಾ ಇದೆ, ತಡಿ" ಎನ್ನುತ್ತಿದ್ದಳು. ಅದು ಆಡುತ್ತಿದ್ದದ್ದು ಅವಳು ಊದಿದ ಗಾಳಿಗೆ.

ಉಳಿದವನ್ನು ಹೇಗಾದರೂ ಕಾಪಾಡಬೇಕಿತ್ತು. ಇಡೀ ತೋಟದಲ್ಲಿ ತಣ್ಣಗಿದ್ದ ಜಾಗ ಒಂದೇ, ಕೊಯ್ದ ಹೂವನ್ನು ಲಾರಿ ಬರುವವರೆಗೆ ಇಡುವ ಶೀತದ ಕೋಣೆ. ಅದನ್ನು ನೋಡಿಕೊಳ್ಳುವವಳಿಗೆ ಸ್ವೆಟರಮ್ಮ ಎಂದು ಹೆಸರು, ಬೇಸಿಗೆಯಲ್ಲೂ ಸ್ವೆಟರು ಹಾಕುವ ತೋಟದ ಒಬ್ಬಳೇ ಹೆಂಗಸು.

"ಹೂವಿನ ಜೊತೆ ಹುಳ ಇಡ್ತೀಯಾ? ನನ್ನ ಕೆಲಸ ಕಳೀಬೇಕು ಅಂತಿದೀಯೇನೆ?"

"ಒಳಗಡೆ ಬೇಡ ಕಣೇ, ಅಲ್ಲಿ ಸೆಟೆದು ಸಾಯ್ತವೆ. ಬಾಗಿಲ ಪಕ್ಕ, ಆ ಮೂಲೇಲಿ. ಡಬ್ಬಿ ಬಿಗಿಯಾಗಿ ಮುಚ್ಚಿರುತ್ತೆ."

"ಒಂದು ಹುಳ ಹೊರಗೆ ಬಂದ್ರೂ ನಿನ್ನ ಹಿಡಿದು ಒಳಗೆ ಹಾಕಿ ಬೀಗ ಹಾಕಿಬಿಡ್ತೀನಿ."

"ಹಾಕಿಬಿಡು ತಾಯೀ. ಈ ಸೆಕೇಲಿ ಅದಕ್ಕಿಂತ ಸುಖ ಬೇಕಾ?"

ಸ್ವೆಟರಮ್ಮ ನಕ್ಕಳು, ಜಾಗ ಕೊಟ್ಟಳು. ಗುಲಗಂಜಿಗಳು ಅಲ್ಲಿ ಉಳಿದವು. ಆದರೆ ಮೇಯಲಿಲ್ಲ, ಜೋಡಿ ಕಟ್ಟಲಿಲ್ಲ, ಡಬ್ಬಿಯ ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ತೂಕಡಿಸಿದವು.

ಇತ್ತ ಸೆಕೆಗೆ ಹಿಟ್ಟು ತಿಗಣೆ ಕೊಬ್ಬಿತು. ನಿಂಬೆ ಸಸಿಗಳ ಗಾಜಿನ ಮನೆಯಲ್ಲಿ ಎಲೆ ಸಂದಿ, ಚಿಗುರು, ಕಾಂಡ ಎಲ್ಲೆಲ್ಲೂ ಬಿಳಿ ಹತ್ತಿ. ಸಸಿಗಳು ಕೊಂಡವರ ಕಡೆಗೆ ಹೊರಡುವ ದಿನ ಹತ್ತಿರವಾಗಿತ್ತು. ಅಷ್ಟರಲ್ಲಿ ಒಂದು ದಿನ ಗಾಳಿ ತಿರುಗಿತು. ಮೋಡ ಕವಿದು, ತಣ್ಣನೆ ಗಾಳಿ ಬೀಸಿ, ನಿನ್ನೆಯವರೆಗೆ ಬೆವರುತ್ತಿದ್ದವರು ಪೆಟ್ಟಿಗೆಯಿಂದ ಶಾಲು ತೆಗೆದರು. ಹುಳದಕ್ಕ ದೇವರಿಗೆ ಕೈ ಮುಗಿದು, ಡಬ್ಬಿಗಳನ್ನು ತಂದು ಉಳಿದ ಹುಳವನ್ನೆಲ್ಲ ಸಸಿಗಳ ಮೇಲೆ ಬಿಟ್ಟಳು. ಒಂದು ವಾರದಲ್ಲಿ ಮರಿ ಕಾಣಬೇಕು. ಅವಳ ಇಷ್ಟು ವರ್ಷದ ಲೆಕ್ಕ ಅದು.

ವಾರ ಕಳೆಯಿತು. ಭೂತಗನ್ನಡಿ ಹಿಡಿದು ಎಲೆ ಎಲೆ ಮಗುಚಿ ನೋಡಿದಳು. ಮರಿಯಿಲ್ಲ. ಇನ್ನೂ ಎರಡು ದಿನ ನೋಡಿದಳು. ದೊಡ್ಡ ಹುಳ ಓಡಾಡುತ್ತಿದ್ದವು, ಅಲ್ಲೊಂದು ಇಲ್ಲೊಂದು ಜೋಡಿಯೂ ಕಟ್ಟಿದ್ದವು. ಮರಿ ಮಾತ್ರ ಒಂದೂ ಇಲ್ಲ. ಆಗ ಅವಳಿಗೆ ಕಲಿಸಿ ಹೋದ ಮೇಡಂ ಹಿಂದೆ ಯಾವಾಗಲೋ ಹೇಳಿದ್ದ ಮಾತು ನೆನಪಾಯಿತು. ಬಿಸಿ ಬಡಿದ ಗಂಡುಹುಳ ನೋಡಲು ಗಟ್ಟಿಮುಟ್ಟಾಗೇ ಇರುತ್ತದೆ, ಆದರೆ ಅದರ ಜೊತೆ ಕೂಡಿದ ಹೆಣ್ಣು ಇಟ್ಟ ಮೊಟ್ಟೆ ಒಡೆಯುವುದಿಲ್ಲ.

ಅವತ್ತು ಮನೆಗೆ ಬಂದವಳು ಬಾಗಿಲ ಹೊಸ್ತಿಲ ಮೇಲೇ ಕೂತುಬಿಟ್ಟಳು.

"ಏನಾಯ್ತೇ?" ಎಂದ ಗಂಡ.

"ಹುಳ ಬರಡಾಗಿದೆ ರೀ. ಬದುಕಿದ್ದೂ ಸತ್ತ ಹಾಗೆ."

ಅವನು ಗೋಡೆ ಹಿಡಿದು ಬಂದು ಅವಳ ಪಕ್ಕದಲ್ಲೇ ಕೂತ.

ಮ್ಯಾನೇಜರು ಕೆಟ್ಟವರಲ್ಲ. ಅವಳನ್ನು ಕರೆದು ಕೂರಿಸಿಯೇ ಮಾತಾಡಿದರು. "ನೋಡಮ್ಮಾ, ಬೇರೆ ಕಡೆಯಿಂದ ಹುಳ ತರಿಸೋಣ ಅಂತ ಎಲ್ಲರನ್ನೂ ಕೇಳಿದೆ. ಎಲ್ಲ ಕಡೆ ಇದೇ ಕಥೆ, ಸೆಕೆಗೆ ಸತ್ತಿವೆ. ತಿಗಣೆ ಹತ್ತಿದ ಸಸಿ ಗೇಟು ದಾಟೋಕಾಗಲ್ಲ. ಔಷಧಿ ಹೊಡೀಲೇಬೇಕು."

"ಹೊಡೆಯೋರು ಯಾರು ಸಾರ್?"

ಮ್ಯಾನೇಜರು ಮೇಜಿನ ಮೇಲಿದ್ದ ಪೆನ್ನನ್ನು ಆ ಕಡೆಯಿಂದ ಈ ಕಡೆ ಇಟ್ಟರು. "ನಿಮ್ಮ ಅಳಿಯ ಇದಾನಲ್ಲ. ಪಂಪು ಗೊತ್ತಿರೋನು ಈಗ ಅವನೊಬ್ಬನೇ."

ಆಗ ಅವಳು ಕೇಳಿಕೊಂಡದ್ದು ಇಷ್ಟು: ಸೋಮವಾರದವರೆಗೆ ಬಿಡಿ, ಮನೆಮಂದಿಯೆಲ್ಲ ಸೇರಿ ಕೈಯಲ್ಲೇ ಒರೆಸಿ ತೆಗೆಯುತ್ತೇವೆ. ಸಸಿ ಸ್ವಚ್ಛವಾದರೆ ಔಷಧಿ ಬೇಡ. ಮ್ಯಾನೇಜರು ಒಪ್ಪಿದರು. ಒಪ್ಪದೆ ಇರಬಹುದಿತ್ತು.

ಅಂದಿನಿಂದ ಅವಳ ಮನೆಯಲ್ಲಿ ಒಲೆ ಹೊತ್ತಿದ್ದು ಕಡಿಮೆ. ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಒದ್ದೆ ಬಟ್ಟೆ ಹಿಡಿದು ಸಸಿ ಸಸಿ ಒರೆಸಿದರು. ಎಲೆ ಸಂದಿಯ ಬಿಳಿ ಹತ್ತಿಯನ್ನು ಬೆರಳಿಗೆ ಸುತ್ತಿದ ಬಟ್ಟೆಯಿಂದ ಕಿತ್ತು ಬಕೆಟ್ಟಿಗೆ ಹಾಕುವುದು, ಹಿಂಡುವುದು, ಮತ್ತೆ ಒರೆಸುವುದು. ಗಂಡನೂ ಹಟ ಹಿಡಿದು ಬಂದ. ಗಾಜಿನ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕಂಬಳಿ ಹೊದ್ದು, ಬಟ್ಟೆ ಹಿಂಡಲು ಕೂತ.

"ನಡುಗೋ ಕೈಗೆ ಇದೇ ಸರಿಯಾದ ಕೆಲಸ. ತಾನೇ ಹಿಂಡುತ್ತೆ, ನಾನು ಹಿಡ್ಕೊಂಡ್ರೆ ಸಾಕು" ಎಂದು ನಗಿಸಿದ.

ಊಟದ ಹೊತ್ತಿನಲ್ಲಿ ನಾನೂ ಹೋಗಿ ಒಂದಷ್ಟು ಒರೆಸಿಕೊಟ್ಟೆ. ಹುಳದಕ್ಕ ಎಲೆಗೆ ನೋವಾಗುತ್ತದೆ ಎನ್ನುವ ಹಾಗೆ ಒರೆಸುತ್ತಿದ್ದಳು. ಹೊರಗಿನ ಗಾಳಿ ತಣ್ಣಗಿತ್ತು, ಗಾಜಿನ ಮೇಲೆ ಮೋಡದ ಬೂದು ಬೆಳಕು. "ಒಂಚೂರು ಬಿಸಿಲು ಬಂದಿದ್ರೆ" ಎಂದು ಆಗಾಗ ಮೇಲೆ ನೋಡುತ್ತಿದ್ದಳು. ಬರಡು ಎಂದು ತಾನೇ ಹೇಳಿದವಳಿಗೆ ಇನ್ನೂ ಎಲ್ಲೋ ಒಂದು ಆಸೆ.

ಹಿಂದಿನ ಗೋಡೆ ಪಕ್ಕದ ಸಾಲಿಗೆ ಅಡ್ಡ ನೀರಿನ ಪೈಪುಗಳಿದ್ದವು. ಬಗ್ಗಿ ತೂರಿಕೊಂಡು ಹೋಗಬೇಕು. ಅದನ್ನು ಅಳಿಯನಿಗೆ ಬಿಟ್ಟಿದ್ದರು.

"ಅಳಿಯಂದ್ರೆ, ಹಿಂದಿನ ಸಾಲು ಆಯ್ತಾ?"

"ಆಯ್ತು ಅತ್ತೆ."

ಸೋಮವಾರ ಬೆಳಿಗ್ಗೆ ಮ್ಯಾನೇಜರು ಬಂದು ನೋಡಿದರು. ಎಲೆಗಳೇನೋ ಹಸಿರಾಗಿದ್ದವು, ಆದರೆ ಚಿಗುರಿನ ಸುಳಿಯೊಳಗೆ, ಬಟ್ಟೆ ತೂರದ ಸಂದಿಯಲ್ಲಿ, ಬೇರಿನ ಬುಡದಲ್ಲಿ ತಿಗಣೆ ಕೂತೇ ಇತ್ತು. ಅವರು ಅವಳ ಹೆಗಲ ಮೇಲೆ ಕೈ ಇಡಲು ಹೋಗಿ, ಇಡದೆ, ಸ್ಟೋರಿನ ಕಡೆ ನಡೆದರು. ಬೀಗ ತುಕ್ಕು ಹಿಡಿದಿತ್ತು, ಕಲ್ಲಿನಿಂದ ಕುಟ್ಟಿ ತೆಗೆಯಬೇಕಾಯಿತು.

ಮಗಳು ಕಸಿ ಕಟ್ಟುವುದನ್ನು ಬಿಟ್ಟು ಓಡಿ ಬಂದಳು.

"ಬೇಡ ಅಂತ ಹೇಳ್ರೀ. ನಮ್ಮಪ್ಪನಿಗೆ ಗುಂಡಿ ಹಾಕ್ತಾ ಬೆಳೆದೋಳು ನಾನು. ನಿಮಗೂ ಹಾಕ್ತಾ ಕೂರಬೇಕಾ?"

ಆಮೇಲಪ್ಪ ಟ್ಯಾಂಕಿನ ಪಟ್ಟಿ ಎಳೆದು ನೋಡುತ್ತಿದ್ದ. "ನಾನು ಬೇಡ ಅಂದ್ರೆ ಸುಮ್ಮನಾಗ್ತಾರಾ? ನಾಳೆ ಇನ್ಯಾರನ್ನೋ ಕರೀತಾರೆ. ಅವನೂ ಯಾರದೋ ಮನೆ ಅಳಿಯಾನೇ ಅಲ್ವಾ?" ಎಂದ. ಆಮೇಲೆ ನಗಿಸುವ ದನಿಯಲ್ಲಿ, "ಮಾಸ್ಕು ಬಿಚ್ಚಲ್ಲ ಬಿಡು. ಹೇಗೂ ತಣ್ಣಗಿದೆ. ನನ್ನ ಮೂತಿ ಮುಚ್ಚಿದ್ರೆ ನಿನಗೂ ಲಾಭಾನೇ" ಎಂದ. ಅವಳು ನಗಲಿಲ್ಲ. ಅಮ್ಮನ ಕಡೆ ನೋಡಿದಳು. ಯಾರದೋ ಮನೆ ಅಳಿಯ ಎಂಬ ಮಾತು ಹುಳದಕ್ಕನಿಗೂ ತಾಗಿತ್ತು. ಅವಳು ಡಬ್ಬಿ ತರಲು ತಿರುಗಿದಳು.

ಅವನು ನೀರಿಗೆ ಔಷಧಿ ಕಲಸುವಷ್ಟರಲ್ಲಿ, ಸಿಕ್ಕಷ್ಟು ಗುಲಗಂಜಿಗಳನ್ನಾದರೂ ಹಿಡಿದು ತರುತ್ತೇನೆ ಎಂದು ಅವಳು ಡಬ್ಬಿ ಹಿಡಿದು ಗಾಜಿನ ಮನೆಯೊಳಗೆ ಹೋದಳು. ಬರಡಾದರೇನು, ಸಾಕಿದ್ದು. ಸಾಲು ಸಾಲು ಹುಡುಕುತ್ತ ಹಿಂದಿನ ಗೋಡೆಯವರೆಗೆ ಬಂದು, ಪೈಪಿನಡಿ ತೂರಿ ತಲೆಯೆತ್ತಿದರೆ, ಆ ಸಾಲಿನ ಸಸಿಗಳೆಲ್ಲ ಬೆಳ್ಳಗೆ. ಒಂದು ಎಲೆಯನ್ನೂ ಒರೆಸಿಲ್ಲ.

"ಅಳಿಯಂದ್ರೇ!"

ಆ ಕೂಗಿಗೆ ಅವನು ಕೈಯಲ್ಲಿದ್ದುದನ್ನು ಬಿಟ್ಟು ಓಡಿ ಬಂದ. ಹಿಂದೆಯೇ ಮಗಳು.

"ಆಯ್ತು ಅಂದ್ರಲ್ಲ?"

ಅವನು ತಲೆ ಕೆರೆದುಕೊಂಡ. "ಬಗ್ಗಿ ಬಗ್ಗಿ ಬೆನ್ನು ಹಿಡಿದಿತ್ತು ಅತ್ತೆ. ಆಮೇಲೆ ಮಾಡೋಣ ಅಂತ..."

ಅವಳ ಸಿಟ್ಟು ನೆತ್ತಿಗೇರಿತ್ತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ಹತ್ತಿರದ ಎಲೆಯ ಬಿಳಿ ಮುದ್ದೆಯನ್ನು ಒರೆಸಲು ಕೈ ಚಾಚಿದಳು. ಅಷ್ಟು ವರ್ಷದ ಅಭ್ಯಾಸ, ಕೈ ತಾನೇ ನಿಂತಿತು. ಒಂದು ಉಸಿರು.

ಬಿಳಿ ಮುದ್ದೆ ನಡೆಯಿತು.

ಪಕ್ಕದ್ದೂ ನಡೆಯಿತು. ಎಲೆಯ ಅಡಿಯಲ್ಲಿ, ಕಾಂಡದ ಮೇಲೆ, ಅಕ್ಕಿನುಚ್ಚಿನಷ್ಟು ಸಣ್ಣ ಮರಿಗಳು, ಈಗಷ್ಟೇ ಮೈಗೆ ಬಿಳಿ ಎಳೆ ಬರುತ್ತಿದ್ದಂಥವು, ತಿಗಣೆಯ ಹತ್ತಿಯೊಳಗೆ ತಲೆ ತೂರಿಸಿ ತಿನ್ನುತ್ತಿದ್ದವು. ಹುಳ ಬರಡಾಗಿರಲಿಲ್ಲ. ಶೀತದ ಕೋಣೆಯ ಜೋಮು ಬಿಟ್ಟು ಮೊಟ್ಟೆ ಇಡಲು ಅವಕ್ಕೆ ದಿನ ಹಿಡಿದಿತ್ತು. ಇಟ್ಟ ಮೊಟ್ಟೆ ಒಡೆಯಲು ಆ ತಣ್ಣನೆ ಗಾಳಿಯಲ್ಲಿ ಇನ್ನಷ್ಟು ದಿನ. ತಡವಾಗಿತ್ತು, ಅಷ್ಟೇ. ಅವಳ ವಾರದ ಲೆಕ್ಕ ಬೆಚ್ಚನೆ ಕೋಣೆಯ ಲೆಕ್ಕ.

ಮಗಳು ಖುಷಿಯಿಂದ ಅಮ್ಮನ ತೋಳು ಹಿಡಿದಳು. "ಅಮ್ಮಾ, ಮರಿ! ಇದೆ ಅಮ್ಮಾ!"

ಹುಳದಕ್ಕ ಅಲ್ಲೇ ಮಣ್ಣಿನ ಮೇಲೆ ಕೂತಳು. ಮಗಳಿಗೆ ಇನ್ನೂ ತೋಚದ್ದು ಅವಳಿಗೆ ತೋಚಿತ್ತು. ಮೊಟ್ಟೆ ಇರುವುದು ಆ ಬಿಳಿ ಹತ್ತಿಯೊಳಗೆ. ಎಲ್ಲ ಸಾಲಿನಲ್ಲೂ ಇದ್ದಿರಬೇಕು. ಮನೆಮಂದಿಯೆಲ್ಲ ಸೇರಿ, ಉಣ್ಣದೆ ತಿನ್ನದೆ, ಆ ಹತ್ತಿಯನ್ನೇ ಒರೆಸಿ ಬಕೆಟ್ಟಿಗೆ ಹಿಂಡಿದ್ದರು.

"ನಾನೇ ಕಣೇ" ಎಂದಳು. "ನಾನೇ ನಿಂತು ಒರೆಸಿದೆ."

ಮ್ಯಾನೇಜರು ಬಂದರು. ಪೈಪಿನಡಿ ಬಗ್ಗಿ ತೂರಿ ನೋಡಿದರು. ಅವರ ಬಿಳಿ ಅಂಗಿಗೆ ಪಾಚಿ ಮೆತ್ತಿತು. "ಇದು ಮರೀನೇ ಅಲ್ವಾ?"

"ಹೌದು ಸಾರ್."

"ಈ ಒಂದು ಸಾಲಿನ ಮರಿ ಇಡೀ ಮನೆಗೆ ಸಾಕಾಗುತ್ತಾ? ಸಸಿ ಹೋಗೋದ್ರೊಳಗೆ? ನಿಜ ಹೇಳಮ್ಮ."

ಸಾಕಾಗುತ್ತದೆ ಎಂದುಬಿಡಬಹುದಿತ್ತು. ಮಗಳು ಹಿಂದಿನಿಂದ ಅವಳ ಸೆರಗು ಎಳೆಯುತ್ತಿದ್ದಳು, ಹೇಳು ಹೇಳು ಎಂದು. ಹುಳದಕ್ಕ ಸೆರಗು ಬಿಡಿಸಿಕೊಂಡಳು.

"ಇಲ್ಲ ಸಾರ್. ಎಲ್ಲ ಸಾಲಲ್ಲೂ ಇದ್ವು. ಒರೆಸದೆ ಬಿಟ್ಟಿದ್ರೆ ಸಾಕಾಗ್ತಿತ್ತು."

ಮ್ಯಾನೇಜರು ಒರೆಸಿದ ಸಾಲುಗಳ ಕಡೆ ಒಮ್ಮೆ ನೋಡಿ ಹೇಳಿದರು: "ಈ ಸಾಲನ್ನ ಹೊರಗೆ ತಗೊಂಡ್ಹೋಗಿ. ಮುಂದಿನ ಸಸಿಗಳು ತಯಾರಾಗೋ ಹೊತ್ತಿಗೆ ಇವುಗಳಿಂದ ಮತ್ತೆ ಹುಳ ಎಬ್ಬಿಸಿದ್ರೆ ಟ್ಯಾಂಕನ್ನ ನಾನೇ ಸ್ಟೋರಿಗೆ ಹಾಕ್ತೀನಿ. ಇವತ್ತು ಮಾತ್ರ ನಿಲ್ಲಿಸೋಕಾಗಲ್ಲ."

ಸಸಿಗಳು ಮಣ್ಣಿನ ಚೀಲದಲ್ಲಿದ್ದುದರಿಂದ ಎತ್ತಬಹುದಿತ್ತು. ಒಂದೊಂದನ್ನೇ ಮಗುವನ್ನು ಎತ್ತಿದ ಹಾಗೆ ಎತ್ತಿ, ಕೈಗಾಡಿಗೆ ಇಟ್ಟು ಸಾಲುಮನೆಗೆ ತಂದರು. ಮ್ಯಾನೇಜರೂ ಎರಡು ಚೀಲ ಹೊತ್ತರು. ಆಮೇಲಪ್ಪನೇ ಎಲ್ಲರಿಗಿಂತ ಹೆಚ್ಚು ಹೊತ್ತ. ಕುಂಬಳಕಾಯಿ ಕೋಣೆಯ ಯಂತ್ರ ಇನ್ನೂ ಕೆಟ್ಟೇ ಬಿದ್ದಿತ್ತಲ್ಲ, ಸೆಕೆ ತಿರುಗಿ ಬಂದರೆ ಅಲ್ಲಿ ಇವೂ ಉಳಿಯುವುದಿಲ್ಲ, ಹಾಗಾಗಿ ಸಸಿಗಳಿಗೆ ಜಾಗವಾದದ್ದು ಗಂಡನ ಕೋಣೆ. ಕಿಟಕಿಯಡಿ, ಮಂಚದ ಸುತ್ತ, ನಡೆಯಲು ಜಾಗವಿಲ್ಲದಷ್ಟು.

"ಕೊನೆಗೂ ನನ್ನ ಹುಳಗಳ ಜೊತೆ ಸೇರಿಸಿಬಿಟ್ಟೆ" ಎಂದ ಗಂಡ. ಯಾರೂ ನಗದಿದ್ದಾಗ, "ಅಳಿಯ ಎಲ್ಲಿ?" ಎಂದು ಕೇಳಿದ.

ಅವನು ವಾಪಸು ಹೋಗಿದ್ದ. ಮಾಸ್ಕು ಬಿಗಿಯಾಗಿ ಕಟ್ಟಿಕೊಂಡೇ ಒಳಗೆ ಹೋದನೆಂದು ಮಗಳು ಹೇಳಿದಳು. ಗಾಜಿನ ಮನೆಯ ಬಾಗಿಲು ಮುಚ್ಚಿತು. ನಾವೆಲ್ಲ ಓಣಿಯಲ್ಲಿ ನಿಂತಿದ್ದೆವು. ಅಷ್ಟು ದಿನದಿಂದ ಕವಿದಿದ್ದ ಮೋಡ ಆಗ ಸರಿಯಿತು. ಬಿಸಿಲು ಬಂತು. ಮೊದಲು ಗೋಡೆಯ ಮೇಲೆ, ಆಮೇಲೆ ನಮ್ಮ ಕಾಲ ಮೇಲೆ, ಆಮೇಲೆ ದೂರದ ಗಾಜಿನ ಮೇಲೆ ಬಿದ್ದು ಕಣ್ಣು ಕುಕ್ಕಿತು. ವಾರವೆಲ್ಲ ಈ ಬಿಸಿಲಿಗಾಗಿಯೇ ಕತ್ತೆತ್ತಿ ಕಾದಿದ್ದ ಹುಳದಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಸಂಜೆ ಅವನು ಬಂದ. ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಮಾಸ್ಕು ಕುತ್ತಿಗೆಯಲ್ಲಿ ನೇತಾಡುತ್ತಿತ್ತು.

ಕೋಣೆಯೊಳಗಿಂದಲೇ ಮಾವನಿಗೆ ಔಷಧಿಯ ವಾಸನೆ ಬಡಿಯಿತು. ಗೋಡೆ ಹಿಡಿದುಕೊಂಡು ಹೊರಗೆ ಬಂದ. "ಮಾಸ್ಕು?"

"ಹಾಕಿದ್ದೆ ಮಾವ. ಬಿಸಿಲು ಬಂತಲ್ಲ, ಉಸಿರಾಡೋಕೇ ಆಗಲಿಲ್ಲ. ಕೊನೇ ಒಂದು ಸಾಲು ಮಾತ್ರ."

ಮಾವ ಬೈಯಲಿಲ್ಲ. "ನೀರು ತಾ" ಎಂದು ಮಗಳಿಗೆ ಹೇಳಿದ. "ಸೋಪು ತಾ. ಆ ಬಟ್ಟೆ ಯಾರೂ ಮುಟ್ಟಬೇಡಿ, ನಾನು ತೆಗೀತೀನಿ. ನನಗೆ ಇನ್ನೇನಾಗೋದಿದೆ." ಓಣಿಯ ಕಲ್ಲಿನ ಮೇಲೆ ಅಳಿಯನನ್ನು ಕೂರಿಸಿ, ಎದುರಿಗೆ ಬಗ್ಗಿ, ಅವನ ಅಂಗಿಯ ಗುಂಡಿಗೆ ಕೈ ಹಾಕಿದ. ತನ್ನ ಗುಂಡಿ ಹಾಕಿಕೊಳ್ಳಲಾರದ ಕೈ. ಬೆರಳು ಜಾರುತ್ತಿದ್ದವು, ಮತ್ತೆ ಹಿಡಿಯುತ್ತಿದ್ದ, ಮತ್ತೆ ಜಾರುತ್ತಿದ್ದವು.

"ನಾನೇ ಬಿಚ್ತೀನಿ ಮಾವ."

"ಅಲ್ಲಾಡಬೇಡ, ಸುಮ್ಮನೆ ಕೂತ್ಕೋ."

ಆಮೇಲಪ್ಪ ಕೂತ. ಕೊನೆಯ ಗುಂಡಿಯವರೆಗೂ ಕೂತ. ಮಗಳು ತಲೆಯ ಮೇಲೆ ನೀರು ಸುರಿದಳು, ಮಾವ ಸೋಪು ಹಚ್ಚಿ ಕುತ್ತಿಗೆ, ಕಿವಿ ಹಿಂದೆ, ಉಗುರು ಸಂದಿ ಉಜ್ಜಿದ. ತನಗೆ ಯಾರೂ ಹಾಗೆ ಉಜ್ಜಿರಲಿಲ್ಲ. ಆಗ ಯಾರಿಗೂ ಗೊತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ಮೊದಲು ಆ ಯಂತ್ರದ ಸಾಮಾನು ಎಲ್ಲಿ ಸಿಗುತ್ತೆ ನೋಡ್ಕೊಂಡು ಬರ್ತೀನಿ" ಎಂದ ಅಳಿಯ, ಕಣ್ಣಿಗಿಳಿದ ಸೋಪಿನ ನೊರೆಯ ನಡುವೆ. "ಇಲ್ಲ, ಈಗಲೇ ಹೋಗ್ತೀನಿ."

ಒಳಗೆ ಹುಳದಕ್ಕ ಸಸಿಗಳ ನಡುವೆ ನಿಂತಿದ್ದಳು. ಬಿಸಿಲಿಳಿದು ಗಾಳಿ ಮತ್ತೆ ತಣ್ಣಗಾಗುತ್ತಿತ್ತು. ಕಿಟಕಿ ಮುಚ್ಚಿದರೆ ಮರಿಗಳಿಗೆ ಬೆಚ್ಚಗೆ, ಗಂಡನಿಗೂ ಬೆಚ್ಚಗೆ. ಆದರೆ ಓಣಿಯಿಂದ ಆ ವಾಸನೆ ಕೋಣೆಯೊಳಗೆ ಬಂದು ತುಂಬಿತ್ತು, ಮುಚ್ಚಿದರೆ ಅದು ಇಲ್ಲೇ ಉಳಿಯುತ್ತದೆ. ಕಿಟಕಿಯ ಚಿಲಕದ ಮೇಲೆ ಕೈಯಿಟ್ಟು, ಎಳೆಯಲೂ ಆಗದೆ, ಬಿಡಲೂ ಆಗದೆ ನಿಂತಿದ್ದಳು. ಬಾಗಿಲಲ್ಲಿ ನಿಂತ ನನಗೆ ಅವಳ ಬೆನ್ನು ಕಾಣುತ್ತಿತ್ತು, ಮುಖವಲ್ಲ. ಹತ್ತಿರದ ಎಲೆಯ ಮೇಲೆ ಒಂದು ಬಿಳಿ ಚುಕ್ಕೆ ನಿಧಾನವಾಗಿ, ಬಹಳ ನಿಧಾನವಾಗಿ, ಚಿಗುರಿನ ಕಡೆ ಹತ್ತುತ್ತಿತ್ತು.

"ಬೇಗ ಬೇಗ ತಿನ್ರೋ" ಎಂದು ಅವಳು ಮರಿಗಳಿಗೆ ಹೇಳುತ್ತಿದ್ದಳು. "ಬೇಗ ಬೆಳೀರೋ, ನಿಮ್ಮ ಕಾಲಿಗೆ ಬೀಳ್ತೀನಿ."